ಕೊಕ್ಕೆಯ ಮನೆಗೆ ಬಂದ ಬೀರು

ರಗಳೆಗೆಲ್ಲ ಮೂಲ ಹೆಂಡತಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಹೊರದೇಶದ ಉಕ್ಕಿನ ಬೀರು. ಗಂಡನೋ ಉಕ್ಕಿನ ಕಾರ್ಖಾನೆಯಲ್ಲಿ ತಗಡು ಪರೀಕ್ಷಿಸುವವನು. ಮನಸ್ಸಿಗೆ ಬಾರದ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಹಾಕಿ, ಅದರ ಬಾಲವನ್ನು ಕೊಕ್ಕೆಯಂತೆ ಬಗ್ಗಿಸುವುದು ಅವನ ಚಾಳಿ. ಹಾಗೆ ಗುರುತು ಬಿದ್ದ ತಗಡು ಗುಜರಿಗೆ ಹೋಗುತ್ತಿತ್ತು. ಆ ಬಾಲದಿಂದಲೇ ಅವನಿಗೆ ಕೊಕ್ಕೆ ಎಂಬ ಹೆಸರು ಅಂಟಿತ್ತು.

ಆಮದು ಸುಂಕ ತೆಗೆದದ್ದೇ ಹೊರಗಿನ ಉಕ್ಕು ಕಟ್ಟೆಯೊಡೆದಂತೆ ನುಗ್ಗಿ, ಕಾರ್ಖಾನೆಯ ಒಂದು ಕುಲುಮೆ ಆಗಲೇ ತಣ್ಣಗಾಗಿತ್ತು. ಯಾರನ್ನು ಮನೆಗೆ ಕಳಿಸಬೇಕೆಂಬ ಗುಸುಗುಸು ನಡೆದಿತ್ತು. ಆ ಬೆಳಿಗ್ಗೆ ಕಾರ್ಮಿಕ ಸಂಘದ ಅಧ್ಯಕ್ಷ ಗೇಟಿನಲ್ಲಿ ನಿಂತು, ಸಂಜೆ ಮನೆಮನೆ ನೋಡುತ್ತೇವೆ, ಮನೆಯಲ್ಲಿ ಹೊರಗಿನ ಉಕ್ಕು ಸಿಕ್ಕಿದವರ ಕೆಲಸ ಹೋದರೆ ಸಂಘ ತುಟಿ ಬಿಚ್ಚುವುದಿಲ್ಲ ಎಂದ.

ಕೊಕ್ಕೆ ತಲೆನೋವೆಂದು ಹೇಳಿ ಮನೆಗೋಡಿದ. ಬೀರುವನ್ನು ಹಿತ್ತಲಿಗೆ ಸಾಗಿಸಹೋದರೆ ಅದು ಬಾಗಿಲಲ್ಲಿ ಹಟಮಾರಿ ಎಮ್ಮೆಯಂತೆ ಸಿಕ್ಕಿಕೊಂಡಿತು. ಪಕ್ಕದ ಮನೆಯ ಕ್ರೇನ್ ಚಾಲಕ ಕರೆಯದೆಯೇ ಬಂದು, ಓರೆ ಮಾಡು, ಎತ್ತು ಎಂದು ಬುದ್ಧಿ ಹೇಳಿದ್ದು ಬೀದಿಗೆಲ್ಲ ಕೇಳಿತು. ಅಷ್ಟರಲ್ಲಿ ಸಂಜೆಯಾಗಿ, ಮನೆ ನೋಡಲು ಸಂಘದವರೊಡನೆ ಬೀದಿಗೆ ಬಂದಿದ್ದ ಅಧ್ಯಕ್ಷನಿಗೂ ಕೇಳಿತು.

"ಮಾವ ಕೊಟ್ಟಿದ್ದು ಅಣ್ಣ, ತುಂಬಾ ಹಳೇದು," ಕೊಕ್ಕೆ ತೊದಲಿದ. ಅಧ್ಯಕ್ಷ ಬೀರುವಿನ ಬಾಗಿಲ ಮೇಲೆ ಮಿನುಗುತ್ತಿದ್ದ ಹೊರದೇಶದ ಚೀಟಿಯನ್ನು ಬೆರಳಿಂದ ಮುಟ್ಟಿದ.

"ಕಿತ್ರೆ ಗ್ಯಾರಂಟಿ ಹೋಗತ್ತೆ ಅಂದಿದ್ರು ಕಣ್ರೀ," ಎಂದಳು ಹೆಂಡತಿ, ನೆಲ ನೋಡುತ್ತ.

ಎಲ್ಲರೂ ಸೇರಿ ಅದನ್ನು ಬೀದಿಗೆ ಎಳೆದರು. ಅಧ್ಯಕ್ಷ ಸುತ್ತಿಗೆ ಚಾಚಿದ. "ನಿನ್ ಕೈಯಾರೆ ಜಜ್ಜು. ಈ ಸಲ ಬಿಟ್ಬಿಡ್ತೀವಿ."

ಕೊಕ್ಕೆ ಕಣ್ಣುಮುಚ್ಚಿ ಬೀರುವಿನ ಬೆನ್ನಿಗೆ ಬಾರಿಸಿದ. ಸುತ್ತಿಗೆ ಪುಟಿದು ಅವನ ಹಣೆಯನ್ನೇ ಸವರಿಕೊಂಡು ಹೋಯಿತು. ಕ್ರೇನ್ ಚಾಲಕ ಬಾರಿಸಿದ, ಹಿಡಿ ಮುರಿಯಿತು. ತಗಡು ಒಂದಿಷ್ಟೂ ತಗ್ಗಲಿಲ್ಲ, ಸ್ಕ್ರೂಗಳು ಮಾತ್ರ ಕಿತ್ತುಬಂದು ಬೆನ್ನಿನ ತಗಡೇ ಕಳಚಿ ಮಗುಚಿಕೊಂಡಿತು. ಬಣ್ಣ ಬಳಿಯದ ಒಳಮೈಯಲ್ಲಿ ಕೆಂಪು ಕತ್ತರಿ ಗುರುತು. ಅದಕ್ಕೊಂದು ಕೊಕ್ಕೆ ಬಾಲ.

ಗುಜರಿಯೆಂದು ಹೊರದೇಶದ ಹಡಗು ಹತ್ತಿದ ತಗಡು ಕರಗದೆಯೇ ಬೀರುವಾಗಿ ಊರಿಗೆ ಮರಳಿತ್ತು.

ಕೊಕ್ಕೆಗೆ ಹೋದ ಜೀವ ಬಂತು. "ನೋಡಿ ಅಣ್ಣ, ನಮ್ದೇ ಉಕ್ಕು. ನಂದೇನೂ ತಪ್ಪಿಲ್ಲ."

ಅಧ್ಯಕ್ಷ ಮುರಿದ ಹಿಡಿಯನ್ನು ನೋಡಿದ, ತಗಡನ್ನು ತಟ್ಟಿ ನೋಡಿದ.

"ನಮ್ದೇ, ಸರಿ," ಎಂದ ನಿಧಾನವಾಗಿ. "ಸುತ್ತಿಗೆ ಮುರಿದ್ರೂ ಬಗ್ಗದ ಇದನ್ನ ಗುಜರಿಗೆ ಹಾಕಿದ್ಯಾರು ಮಾರಾಯ?"

ಉಗುರ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಹೋಗಿರದ ಬಲಗೈಯನ್ನು ಕೊಕ್ಕೆ ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ.