ಖಾಲಿ ಕಪಾಟಿನ ದರ್ಶನ

ಲಾಕಿ ಆ ದಿನ ಟೈ ಕಟ್ಟಿದ್ದೇ ತಪ್ಪಾಯಿತು.

ಸ್ಕೇಟ್ ಕೋವ್ ಎಂಬ ಆ ಮೀನುಗಾರರ ಊರಿನಲ್ಲಿ ಗಂಡಸರು ಟೈ ಕಟ್ಟುವುದು ಮದುವೆಯ ದಿನ, ಇಲ್ಲವೇ ಹೆಣದ ಪೆಟ್ಟಿಗೆಯೊಳಗೆ. ಆ ವರ್ಷ ರೋಗದ ಭಯಕ್ಕೆ ಮದುವೆಗಳೆಲ್ಲ ನಿಂತಿದ್ದವು. ಅಂಥದರಲ್ಲಿ ಬೆಳ್ಳಂಬೆಳಗ್ಗೆ ಟೈ ಕಟ್ಟಿಕೊಂಡು ಅಂಚೆ ಕಚೇರಿಯ ಮುಂದೆ ಹಾದುಹೋದರೆ ಎಫಿಯತ್ತೆ ಬಿಟ್ಟಾಳೆಯೇ? ಅಂಚೆಯ ಕಿಟಕಿ ಸರಿಸಿ, ಮಾಸ್ಕಿನೊಳಗಿಂದಲೇ, ಯಾರು ಸತ್ತರು ಎಂದು ಕೇಳಿದಳು.

ಯಾರೂ ಸತ್ತಿಲ್ಲ, ಚರ್ಚಿನ ಅಡುಗೆಮನೆಯ ಫ್ರೀಜರ್ ಸತ್ತಿದೆ ಎಂದ ಲಾಕಿ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಬದುಕುತ್ತಿದ್ದ.

ಆ ಅಡುಗೆಮನೆ ನಡೆಸುವವನು ಅವನೇ. ರೋಗ ಬಂದು ಊರಿನ ಮುದುಕರೆಲ್ಲ ಬಾಗಿಲು ಹಾಕಿಕೊಂಡ ಮೇಲೆ ಅವರಿಗೆಲ್ಲ ಅಡುಗೆ ಮಾಡಿ, ಫ್ರೀಜರಿನಲ್ಲಿ ಕಾಪಿಟ್ಟು, ದಿನವೂ ಮನೆಮನೆಯ ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದ. ಈಗ ಫ್ರೀಜರೂ ಇಲ್ಲ, ಕಪಾಟಿನಲ್ಲಿ ಸಾಮಾನೂ ಇಲ್ಲ. ಪಟ್ಟಣದ ಒಂದು ನಿಧಿಯವರು ಇಂಥ ಧರ್ಮದ ಕೆಲಸದವರಿಗೆ ತುರ್ತು ಹಣ ಕೊಡುತ್ತಾರೆಂದು ಕೇಳಿ ಅರ್ಜಿ ಹಾಕಿದ್ದ. ಕರಾವಳಿಯ ಉದ್ದಕ್ಕೂ ಹಾಕದವರೇ ಇರಲಿಲ್ಲ ಅನ್ನಿ. ಆ ಮಧ್ಯಾಹ್ನ ಮೂರಕ್ಕೆ ನಿಧಿಯ ಮಿಸ್ ಹ್ಯಾಲೊರನ್ ವಿಡಿಯೊ ಕರೆ ಮಾಡಿ ಅವನ ಕಪಾಟನ್ನು ಕಣ್ಣಾರೆ ನೋಡುವವಳಿದ್ದಳು. ಹಸಿವು ಇದೆ ಎಂದು ಹಸಿದವನು ಹೇಳಿದರೆ ಸಾಲದು, ಉಂಡವರು ನೋಡಿ ಹೌದೆನ್ನಬೇಕು. ಲೋಕ ನಡೆಯುವುದೇ ಹಾಗೆ. ಅವಳು ಹೂಂ ಅಂದರೆ ಹೊಸ ಫ್ರೀಜರ್. ಉಹೂಂ ಅಂದರೆ ವಾರದ ಕೊನೆಗೆ ಅಡುಗೆಮನೆಗೆ ಬೀಗ.

ಇಷ್ಟನ್ನೂ ಒದರಿ, ಯಾರಿಗೂ ಹೇಳಬೇಡಿ ಅತ್ತೆ ಎಂದ. ದೀಪಸ್ತಂಭಕ್ಕೆ ಮಿನುಗಬೇಡ ಅಂದಂತೆ.

"ಅಂದ್ರೆ ಪಟ್ಟಣದೋಳು ನಮ್ಮೂರಿನ ಖಾಲಿ ಕಪಾಟು ನೋಡ್ತಾಳೆ," ಎಂದಳು ಎಫಿಯತ್ತೆ.

"ಖಾಲಿ ಇದ್ರೇನೇ ದುಡ್ಡು, ಅತ್ತೆ."

ಆ ಮಾತನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸ್ಕೇಟ್ ಕೋವಿನವರು ಹಸಿದು ಮಲಗಿಯಾರು, ಪರವೂರಿನವರಿಗೆ ಬರಿಪಾತ್ರೆ ತೋರಿಸಲಾರರು.

ಲಾಕಿ ಅಡುಗೆಮನೆಗೆ ಹೋಗಿ ಕಪಾಟನ್ನು ಒರೆಸಿದ. ಉಳಿದಿದ್ದ ಒಂದೇ ಒಂದು ಬೀನ್ಸ್ ಡಬ್ಬಿಯನ್ನು ನಟ್ಟನಡುವೆ ಇಟ್ಟು, ಹಿಂದೆ ಸರಿದು ನೋಡಿದ. ಕಲ್ಲೆದೆಯೂ ಕರಗಬೇಕು, ಹಾಗಿತ್ತು. ಆಗಲೇ ಯಾರೋ ಬಾಗಿಲು ತಟ್ಟಿದರು.

ತೆಗೆದು ನೋಡಿದರೆ ಆಳಿಲ್ಲ. ಮೆಟ್ಟಿಲ ಮೇಲೆ ಬಿಸಿ ಬಿಸಿ ಮೀನಿನ ವಡೆಗಳ ತಟ್ಟೆ. ಮುಚ್ಚಿದ ಬಟ್ಟೆ ನೋಡಿಯೇ ಅದು ಪಕ್ಕದ ಮನೆಯ ಪೆಗ್ಗಿಯದೆಂದು ಗುರುತು ಹಿಡಿದು, ವಾಪಸು ಕೊಡಲು ಓಡಿದ. ಆದರೆ ಆ ಊರಿನಲ್ಲಿ ಪಾತ್ರೆ ತಂದುಕೊಟ್ಟವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಪೆಗ್ಗಿ ವಡೆಯನ್ನಂತೂ ಮುಟ್ಟಲಿಲ್ಲ, ಮೇಲೊಂದು ಬುಟ್ಟಿ ಓಟ್ಸ್ ರೊಟ್ಟಿ ಹೇರಿದಳು. ಒಂದು ಕೊಡಲು ಹೋದವನು ಎರಡು ಹೊತ್ತು ಬಂದ. ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಮೂರು ಪಾತ್ರೆ.

ಬಚ್ಚಿಡುವುದೊಂದೇ ದಾರಿ. ಮಾಂಸದ ಕಡುಬು ಸತ್ತ ಫ್ರೀಜರಿನೊಳಗೆ ಹೋಯಿತು. ಉಪ್ಪಿನಕಾಯಿ ಭರಣಿಗಳು ಅಲ್ಲೇ ಮೂಲೆಯಲ್ಲಿದ್ದ ಹಳೆಯ ಪಿಯಾನೊದೊಳಗೆ. ಚರ್ಚಿನಲ್ಲಿ ಹಾಡುವವರ ನಿಲುವಂಗಿಗಳ ಬೀರುವಿನಲ್ಲಿ ಮ್ಯಾಕರೋನಿ. ದೋಣಿಯ ವಿಲ್ಫಿ ಒಂದು ಪೆಟ್ಟಿಗೆ ತುಂಬ ಏಡಿಯಂಥ ಕೊಂಡಿಗಳ ಜೀವಂತ ಲಾಬ್‌ಸ್ಟರ್ ಎಳೆದುಕೊಂಡು ಬಂದ. ಲಾಕಿ ಕೈಮುಗಿದು, ಇವತ್ತೊಂದು ದಿನ ನಾವು ಬಡವರಾಗಿರಬೇಕು ಮಾರಾಯ ಎಂದು ಬೇಡಿಕೊಂಡ.

"ಬಡವರಾಗೇ ಇರೋಣ, ಯಾರು ಬೇಡ ಅಂದ್ರು," ಎಂದ ವಿಲ್ಫಿ. "ಅದನ್ನ ಆ ಪಟ್ಟಣದೋಳ ಕಣ್ಣಿಗೆ ಯಾಕೆ ಹಾಕ್ತೀಯ?"

ಮಧ್ಯಾಹ್ನ ಲಾಕಿ ಬೈಯಲೆಂದೇ ಹೊರಗೆ ಬಂದ. ಬಂದವನು ಬಾಯಿ ತೆರೆದುಕೊಂಡು ನಿಂತುಬಿಟ್ಟ. ಗುಡ್ಡದ ದಾರಿಯುದ್ದಕ್ಕೂ ಜನ. ಮಾಸ್ಕು ಹಾಕಿಕೊಂಡು, ಒಬ್ಬರಿಂದೊಬ್ಬರು ಒಂದೊಂದು ಹಸುವಿನಷ್ಟು ದೂರ ನಿಂತು, ಕೈಯಲ್ಲೊಂದು ಪಾತ್ರೆ ಹಿಡಿದು, ಮಾತಿಲ್ಲದೆ ಬರುತ್ತಿದ್ದರು. ಬಂದು, ಮೆಟ್ಟಿಲ ಮೇಲಿಟ್ಟು, ಹಿಂದೆ ಸರಿಯುತ್ತಿದ್ದರು. ಕಾರ್ಖಾನೆ ಮುಚ್ಚಿ ಕೂಲಿ ಕಳೆದುಕೊಂಡವರು, ದೋಣಿ ಮಾರಿದವರು. ಇವರ ಮನೆಯಲ್ಲಿ ಏನಿದೆ ಏನಿಲ್ಲ ಎಂಬುದು ಲಾಕಿಗೆ ಗೊತ್ತು. ಇಲ್ಲದ್ದನ್ನೇ ತಂದುಕೊಡುತ್ತಿದ್ದರು.

ಕೊನೆಯಲ್ಲಿ ಕೋಲೂರಿಕೊಂಡು ಮರ್ಡಕ್ ಬಂದ. ಗುಡ್ಡದ ಮೇಲಿನ ಒಂಟಿ ಮುದುಕ. ರೋಗ ಬಂದಾಗಿನಿಂದ ಹೊಸಿಲು ದಾಟಿರಲಿಲ್ಲ. ಅವನ ಕೈಯಲ್ಲಿದ್ದ ಡಬ್ಬಿ ಲಾಕಿಯದೇ. ಫ್ರೀಜರಿನಿಂದ ಕೊನೆಗೆ ತೆಗೆದು ಹಿಂದಿನ ದಿನ ಅವನ ಮೆಟ್ಟಿಲ ಮೇಲೆ ಇಟ್ಟುಬಂದಿದ್ದ ಸಾರು.

"ತಿನ್ಲಿಲ್ವಾ ಅಜ್ಜ?"

"ಹಸಿವಿರ್ಲಿಲ್ಲ," ಎಂದು ಹಸಿ ಸುಳ್ಳು ಹೇಳಿದ ಮುದುಕ. "ಮುಂದುಗಡೆ ಇಡು. ಕಾಣೋ ಹಾಗೆ."

ಲಾಕಿ ಡಬ್ಬಿಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದ. ಬೈಯಲೆಂದು ಬಂದದ್ದು ಮರೆತೇಹೋಯಿತು.

ಅಷ್ಟು ಸಾಲದೆಂಬಂತೆ ಎರಡೂವರೆಗೆ ಒಂದು ವ್ಯಾನ್ ಬಂದು ನಿಂತಿತು. ಕೊಲ್ಲಿಯ ಆಚೆದಡದ ಪೋರ್ಟ್ ಮೋರಾಗಿನಲ್ಲಿ ಇಂಥದೇ ಅಡುಗೆಮನೆ ನಡೆಸುವ ಸೇಡಿ, ಲಾಕಿಯ ದೊಡ್ಡಪ್ಪನ ಮಗಳು. ಎಫಿಯತ್ತೆ ಫೋನು ಮಾಡಿದ್ದೇ ತಡ, ತನ್ನ ಕಪಾಟಿನ ಹಿಟ್ಟು, ಬೇಳೆ, ಡಬ್ಬಿಗಳನ್ನು ಗುಡಿಸಿ ಬಳಿದು ತಂದಿದ್ದಳು.

"ಇಟ್ಕೋ ತಮ್ಮಾ. ಅವಳು ನೋಡಿ ಆದ್ಮೇಲೆ ವಾಪಸ್ ತಂದ್ಕೊಡು. ನಮ್ಮ ಮನೆತನದೋನು ಬರೀ ಕಪಾಟಿನ ಮುಂದೆ ಟೈ ಕಟ್ಕೊಂಡು ನಿಲ್ಲೋದಾ?"

ಲಾಕಿಗೆ ಕಣ್ಣು ತುಂಬಿ ಬಂತು. ಅಷ್ಟು ದೂರದಿಂದ ತಂದವಳಿಗೆ ಬೇಡ ಅನ್ನುವುದಾದರೂ ಹೇಗೆ? ಅವಳೇ ಎಲ್ಲವನ್ನೂ ಕಪಾಟಿಗೆ ಜೋಡಿಸಿ ಹೊರಟುಹೋದಳು.

ಮೂರಕ್ಕೆ ಸರಿಯಾಗಿ ಕರೆ ಬಂತು. ಲಾಕಿ ಕಪಾಟಿಗೆ ಬೆನ್ನು ಮಾಡಿ, ಬರಿಗೋಡೆಯತ್ತ ಫೋನು ಹಿಡಿದು, ನಮ್ಮಲ್ಲಿ ಏನೂ ಇಲ್ಲ ಮೇಡಂ ಎಂದು ಶುರುಮಾಡಿದ. ಸತ್ತ ಫ್ರೀಜರ್ ತೋರಿಸಿ ಎಂದಳು ಮಿಸ್ ಹ್ಯಾಲೊರನ್. ಗಡಿಬಿಡಿಯಲ್ಲಿ ಮುಚ್ಚಳ ಎತ್ತಿಯೇಬಿಟ್ಟ. ಒಳಗೆ ಕಡುಬುಗಳು ಕಂಠಮಟ್ಟ. ದಡಬಡಿಸಿ ಹಿಂದೆ ಸರಿದಾಗ ವಿಲ್ಫಿಯ ಪೆಟ್ಟಿಗೆ ಮಗುಚಿ ಲಾಬ್‌ಸ್ಟರುಗಳು ನೆಲದ ಮೇಲೆ ಮೆರವಣಿಗೆ ಹೊರಟವು. ಬಗ್ಗಿ ಹಿಡಿಯಲು ಹೋದರೆ ಒಂದು ಅವನ ಟೈಯನ್ನೇ ಕೊಂಡಿಯಲ್ಲಿ ಹಿಡಿಯಿತು. ಬಿಡಿಸಿಕೊಳ್ಳಲು ಬೀರುವಿಗೆ ಆತುಕೊಂಡ; ಬಾಗಿಲು ತೆರೆದುಕೊಂಡು ಮ್ಯಾಕರೋನಿ ಹೆಗಲ ಮೇಲೆ ಸುರಿಯಿತು. ಫೋನು ಕೈಜಾರಿ ಪಿಯಾನೊದ ಮೇಲೆ ಬಿದ್ದು, ಕಪಾಟಿನ ಇಡೀ ವೈಭವವನ್ನು ಮೇಲಿನಿಂದ ಕೆಳಗಿನವರೆಗೆ ತೋರಿಸುತ್ತ ನಿಂತುಬಿಟ್ಟಿತು.

ಲಾಕಿ ಫೋನು ಎತ್ತಿಕೊಂಡ. ಬೈಗಳಿಗೆ ತಲೆತಗ್ಗಿಸಿ ಕಾದ. ನೋಡಿದರೆ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ವಾರವೆಲ್ಲ ಖಾಲಿ ಕಪಾಟುಗಳನ್ನೇ ನೋಡಿದೀನಿ," ಎಂದಳು. "ಇಷ್ಟೊಂದು ಕೊಡೋ ಊರನ್ನ ನಾನು ನೋಡೇ ಇರ್ಲಿಲ್ಲ. ನಿಮ್ಗೆ ನಮ್ಮ ದುಡ್ಡಿನ ಅಗತ್ಯಾನೇ ಇಲ್ಲ, ಸರ್. ನಿಮ್ಮಿಂದ ನಾವೇ ಕಲೀಬೇಕು."

ಎಲ್ಲರಿಗೂ ನಿಮ್ಮ ಉದಾಹರಣೆ ಹೇಳುತ್ತೇನೆ ಎಂದು ಕರೆ ಮುಗಿಸಿದಳು. ಹೊಗಳಿಕೆಯನ್ನು ಕುದಿಸಿ ಸಾರು ಮಾಡಲು ಬರುವಂತಿದ್ದರೆ ಲಾಕಿ ಆ ಚಳಿಗಾಲವೆಲ್ಲ ಊರಿಗೆ ಬಡಿಸಬಹುದಿತ್ತು.

ಸಂಜೆ ಸೇಡಿ ಫೋನು ಮಾಡಿದಳು. ದನಿಯಲ್ಲಿ ಅಳುವೋ ನಗುವೋ ತಿಳಿಯುವಂತಿರಲಿಲ್ಲ.

"ಲಾಕಿ, ನಾನೂ ಅರ್ಜಿ ಹಾಕಿದ್ನಲ್ಲ. ಮುಂದಿನ ವಾರ ನೋಡ್ತೀವಿ ಅಂದಿದ್ರು. ನಿನ್ನದು ಬೇಗ ಮುಗೀತು ಅಂತ ಆ ಪಟ್ಟಣದೋಳು ಇವತ್ತೇ ಕರೆ ಮಾಡ್ಬಿಟ್ಲು ಕಣೋ. ನಾನಿನ್ನೂ ಕೋಟು ಕೂಡ ಬಿಚ್ಚಿರ್ಲಿಲ್ಲ. ಒಂದು ಮಾತೂ ಆಡ್ಲಿಲ್ಲ ನಾನು. ನನ್ನ ಕಪಾಟು ನೋಡಿದ್ಲು, ದುಡ್ಡು ಆಯ್ತು ಅಂದ್ಲು."

ಹೊಸ ಫ್ರೀಜರನ್ನು ಅಲ್ಲಿನ ಅಂಗಡಿಯವನು ಆಗಲೇ ತಂದಿಟ್ಟು ಹೋಗಿದ್ದನಂತೆ. ಲಾಕಿಯ ಹತ್ತಿರ ಬೆಟ್ಟದಷ್ಟು ಅಡುಗೆ, ತಣ್ಣಗಿಡಲು ಜಾಗವಿಲ್ಲ. ಮರ್ಡಕನ ಸಾರನ್ನು ಬಿಸಿಮಾಡಿ ಅವನ ಮೆಟ್ಟಿಲಿಗೇ ಮುಟ್ಟಿಸಿ, ಮಿಕ್ಕದ್ದನ್ನೆಲ್ಲ ಗಾಡಿಗೆ ತುಂಬಿದ. ಎಫಿಯತ್ತೆ ಮುಂದೆ ನಿಂತು, ಕಪಾಟನ್ನು ಮೂಲೆ ಬಿಡದೆ ಖಾಲಿ ಮಾಡಿಸಿದಳು. ಎಲ್ಲವೂ ಕೊಲ್ಲಿ ಸುತ್ತಿ ಪೋರ್ಟ್ ಮೋರಾಗ್ ಸೇರಿತು. ನಿನ್ನ ಮುದುಕರಿಗೂ ಸೇರಿಸಿ ನಾನೇ ಬೇಯಿಸುತ್ತೇನೆ, ದಿನಾ ಬೆಳಗ್ಗೆ ಬಂದು ಹೊತ್ತುಕೊಂಡು ಹೋಗು ಎಂದಳು ಸೇಡಿ. ಅಡುಗೆಮನೆಯ ಯಜಮಾನ ಗಾಡಿ ಹೊಡೆಯುವವನಾದ, ಅದೂ ತನ್ನದೇ ಪೆಟ್ರೋಲಿನಲ್ಲಿ.

ಹೊರಡುವಾಗ ಅವಳು ತಡೆದಳು. "ನಿಲ್ಲೋ. ಬರಿಗೈಲಿ ಕಳಿಸಿದ್ರೆ ಅಜ್ಜಿ ಗೋರಿಯಿಂದ ಎದ್ದು ಬರ್ತಾಳೆ." ಕತ್ತಲಲ್ಲಿ ಕೈಗೆ ಸಿಕ್ಕಿದ್ದೊಂದನ್ನು ಕೊಟ್ಟಳು.

ಊರಿಗೆ ಬಂದು, ಅಡುಗೆಮನೆಯ ದೀಪ ಹಾಕಿ ನೋಡಿದ. ಅವನದೇ ಬೀನ್ಸ್ ಡಬ್ಬಿ. ಬೇರೇನೂ ತೋಚದೆ ಅದನ್ನು ಬರಿದಾದ ಕಪಾಟಿನ ನಟ್ಟನಡುವೆ ಇಟ್ಟು, ಹಿಂದೆ ಸರಿದು ನೋಡಿದ.

ಕಲ್ಲೆದೆಯೂ ಕರಗಬೇಕು, ಹಾಗಿತ್ತು.