ಸಾವಿನ ಸಿನಿಮಾ ಮತ್ತು ಚಿಕ್ಕಮಾವನ ಮೀಸೆ

ಊರಲ್ಲಿ ಸಭ್ಯನೆಂದು ಹೆಸರು ಮಾಡಿರುವ ನನಗೆ ಒಂದು ಕೆಟ್ಟ ಚಪಲವಿದೆ. ಸಿನಿಮಾದಲ್ಲಿ ಯಾರಾದರೂ ಸತ್ತರೆ ನನಗೆ ನಗು ಬರುತ್ತದೆ. ಎಲ್ಲ ಸಿನಿಮಾದಲ್ಲೂ ಅಲ್ಲ. ಬ್ಲ್ಯಾಕ್ ಕಾಮಿಡಿ ಅನ್ನುತ್ತಾರಲ್ಲ, ಹೆಣಕ್ಕೆ ಕರಿಕನ್ನಡಕ ಹಾಕಿ ಆಟೋದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತುವ ಬಗೆಯದು, ಅಂಥದ್ದರಲ್ಲಿ. ಹೊಸೂರಿನ ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ನಗಬೇಡಿ ಎಂದು ಗದರುವವನಿಗೆ ಮನೆಯಲ್ಲಿ ಇಷ್ಟಾದರೂ ಸ್ವಾತಂತ್ರ್ಯ ಬೇಡವೆ? ಹೆಂಡತಿ ಮಂಜುಳ ಒಪ್ಪುವುದಿಲ್ಲ. "ಆ ಹೆಣಕ್ಕೂ ಒಬ್ಳು ಹೆಂಡ್ತಿ ಇರ್ತಾಳಲ್ರೀ, ಅವಳ ಮುಂದೆ ಹಿಂಗೇ ಕಿಸೀತೀರಾ? ಸಾವಿಗೆ ಸ್ವಲ್ಪ ಮರ್ಯಾದೆ ಕೊಡಿ" ಎಂದು ಟಿವಿ ಆರಿಸುತ್ತಾಳೆ. ಸಾವನ್ನು ಕಂಡು ನಗಬಲ್ಲವನೇ ಧೀರ ಎಂದು ನಾನು ಉಪನ್ಯಾಸ ಕೊಡುತ್ತೇನೆ, ಆರಿದ ಟಿವಿಯೆದುರು.

ಮೊನ್ನೆ ಉದ್ದನಪಲ್ಲಿಯಲ್ಲಿ ಅವಳ ಚಿಕ್ಕಪ್ಪ, ಅಂದರೆ ನನ್ನ ಚಿಕ್ಕಮಾವ, ತೀರಿಕೊಂಡರು. ನನಗಿಂತ ಬಹಳ ದೊಡ್ಡವರು, ಆದರೆ ಭಾನುವಾರ ಬಂತೆಂದರೆ ತಲೆಗೂ ಮೀಸೆಗೂ ತಪ್ಪದೆ ಕರಿಬಣ್ಣ ಬಳಿದುಕೊಳ್ಳುವವರು. ಮಾವಿನ ಕಾಲದಲ್ಲಿ ಒಂದು ಸಲವೂ ನಮ್ಮ ಮನೆಗೆ ಬರಿಗೈಲಿ ಬಂದವರಲ್ಲ. ಬಸ್ಸಿನಲ್ಲಿ ಮಂಜುಳ ಅಳುತ್ತಲೇ ಇದ್ದಳು. ನನಗೂ ದುಃಖ ಒತ್ತರಿಸಿ ಬರುತ್ತಿತ್ತು. ನಮ್ಮ ಕಡೆ ಯಾರಾದರೂ ಹೋದರೆ, ನೆಂಟರು ಬಂದು ಸೇರುವ ಮೊದಲೇ ರಸ್ತೆಬದಿಗೆ ಫ್ಲೆಕ್ಸ್ ಬಂದಿರಬೇಕು. ಬಂದಿತ್ತು. ಮೇಲೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ', ಕೆಳಗೆ ಚಿಕ್ಕಮಾವನ ಹೆಸರು, ನಡುವೆ ಹಾರ ಹಾಕಿಸಿಕೊಂಡು ನಾನು.

ಒಬ್ಬ ಅಜ್ಜಿ ಫ್ಲೆಕ್ಸಿಗೆ ಕೈಮುಗಿದು, ಈಚೆ ತಿರುಗಿ ನನ್ನನ್ನು ಕಂಡು, ಮುಗಿದ ಕೈ ಇಳಿಸದೆ ಹಾಗೇ ನಿಂತುಬಿಟ್ಟಳು. ನಾನೂ ಕೈಮುಗಿದೆ.

ಚಿಕ್ಕಮಾವನ ಮಗ ಮುನಿರಾಜು ಓಡಿ ಬಂದ. "ಭಾವ, ತಪ್ಪು ತಿಳ್ಕೋಬ್ಯಾಡಿ. ನಮ್ಮಪ್ಪ ಒಬ್ರೇ ಇರೋ ಫೋಟೋ ಸಿಗ್ನಿಲ್ಲ. ಗೃಹಪ್ರವೇಶದಾಗೆ ನೀವಿಬ್ರೂ ನಿಂತಿದ್ದನ್ನ ಸೂಳಗಿರಿ ಫ್ಲೆಕ್ಸ್ ಅಂಗ್ಡಿಗೆ ಕಳ್ಸಿ, ಇಬ್ರಾಗೆ ವಯಸ್ಸಾಗಿರೋರ ಮುಖ ಹಾಕಪ್ಪ ಅಂದೆ."

ಜಗಲಿಯ ಮೇಲೆ ಕೂತು ಅಳುತ್ತಿದ್ದ ಚಿಕ್ಕಮ್ಮನ ಕಿವಿಗೆ ಇದು ಬಿತ್ತು. ಅಳು ನಿಂತಿತು. ಒಮ್ಮೆ ನನ್ನ ನರೆತ ತಲೆ ನೋಡಿದರು, ಒಮ್ಮೆ ಒಳಗೆ ಮಲಗಿಸಿದ್ದ ಗಂಡನ ಕಡೆ ನೋಡಿದರು. "ನೋಡ್ದಾ? ಸಾಯೋ ಗಂಟ ಮೀಸೆಗೆ ಬಣ್ಣ ಬಳ್ಕೊಂಡಿದ್ದು ದಂಡ ಆಗ್ನಿಲ್ಲ ಬುಡು!" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಜಗಲಿಯೆಲ್ಲ ನಕ್ಕಿತು, ಮಂಜುಳ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಮರುಕ್ಷಣ ಚಿಕ್ಕಮ್ಮ ಮೊದಲಿಗಿಂತ ಜೋರಾಗಿ ಅತ್ತರು, ಎಲ್ಲರೂ ಅತ್ತರು. ಆ ಹೆಣದ ಹೆಂಡತಿಗೇ ಇದ್ದ ಹಕ್ಕು ಅದು, ಅವರು ಚಲಾಯಿಸಿದರು. ಇಡೀ ಮನೆಯಲ್ಲಿ ನಗು ಬರದಿದ್ದವನು ಒಬ್ಬನೇ, ಬ್ಲ್ಯಾಕ್ ಕಾಮಿಡಿಯ ರಸಿಕ.

ಸಂಜೆ ಹೊಸೂರಿಗೆ ಮರಳಿ, ಸ್ನಾನ ಮುಗಿಸಿ, ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದೆ. ನನ್ನ ಜೇಬಿನಿಂದ ಇಣುಕುತ್ತಿದ್ದ ತಲೆಬಣ್ಣದ ಪೊಟ್ಟಣ ಕಂಡು ಮಂಜುಳ ಗೋಡೆ ಹಿಡಿದುಕೊಂಡು ನಗತೊಡಗಿದಳು.

ನಾನು ಗಂಭೀರವಾಗಿ ಹೇಳಿದೆ: "ಸಾವಿಗೆ ಸ್ವಲ್ಪ ಮರ್ಯಾದೆ ಕೊಡು."