ಹಲ್ಲಿಗೆ ಕೇಳಿದ ಎಂಜಿನ್

ಗ್ಯಾರೇಜಿನ ಪಕ್ಕ ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಾಡಿ ಕೆಟ್ಟಾಗ ಅದರ ಜೊತೆಗೆ ಮಾಲೀಕನ ತಲೆಯೂ ಸ್ವಲ್ಪ ಕೆಟ್ಟಿರುತ್ತದೆ. ರಿಪೇರಿ ಮಾಡುವವನದಂತೂ ಮೊದಲೇ ಕೆಟ್ಟಿರುತ್ತದೆ.

ಎಪ್ಪತ್ತರ ದಶಕದಲ್ಲಿ ತುಮಕೂರಿನಲ್ಲಿ ನನ್ನದೊಂದು ಕಬ್ಬಿಣ ಕಡೆಯುವ ಲೇತ್ ಅಂಗಡಿ ಇತ್ತು. ಪಕ್ಕದಲ್ಲೇ ಮೇಸ್ತ್ರಿಯ ಮೋಟಾರ್ ಸೈಕಲ್ ಗ್ಯಾರೇಜು. ಅವರು ಎಂಜಿನ್ ಬಿಚ್ಚಿ ಸವೆದ ಸಿಲಿಂಡರನ್ನು ನನಗೆ ಕೊಡುತ್ತಿದ್ದರು. ನಾನು ಅದರ ಒಳಮೈ ಕೊರೆದು ನುಣುಪು ಮಾಡಿ, ಅಂದರೆ ರೀಬೋರ್ ಮಾಡಿ, ವಾಪಸ್ ಕೊಡುತ್ತಿದ್ದೆ. ಅವರ ಕೈ ನಿಂತರೆ ನನ್ನ ಲೇತೂ ನಿಂತ ಹಾಗೆ. ಹಾಗಾಗಿ ಈಗ ಹೇಳುವುದಕ್ಕೆಲ್ಲ ನಾನು ನಕ್ಕಿದ್ದೂ ನಿಜ, ನಾಳೆ ನನಗೆ ಕೆಲಸ ಬರುತ್ತದೋ ಇಲ್ಲವೋ ಅಂತ ಲೆಕ್ಕ ಹಾಕಿದ್ದೂ ನಿಜ.

ಗೋಣಿಚೀಲ

ಆಗ ದೂರದವರು ಎಂಜಿನ್ ಇಳಿಸಿ, ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸುತ್ತಿದ್ದರು. ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಹಾಗೇ ಒಂದು ಚೀಲ ಕಳಿಸಿದರು. ಮೇಸ್ತ್ರಿ ಹೊಲಿಗೆ ಬಿಚ್ಚಿದರೆ ಒಳಗೆ ಬರೀ ಕೊಬ್ಬರಿ! ಎಂಜಿನ್ ನಿಧಾನಕ್ಕೆ ಬರುತ್ತದೆ, ಇದು ಪ್ರೀತಿಗೆ ಕಳಿಸಿದ್ದು ಅಂದುಕೊಂಡು ಮನೆಗೆ ಒಯ್ದರು. ಅವರ ಹೆಂಡತಿ, ನಾವು ಅಕ್ಕ ಅನ್ನುತ್ತಿದ್ದೆವು, ಖುಷಿಯಿಂದ ಒರಳಿಗೆ ಹಾಕಿದರು.

ನಿಜವಾಗಿ ಆಗಿದ್ದು ಇಷ್ಟು. ವ್ಯಾಪಾರಿ ಅದೇ ಬಸ್ಸಿನಲ್ಲಿ ಬೀಗರ ಮನೆಗೂ ಒಂದು ಚೀಲ ಹಾಕಿದ್ದರು. ಚೀಲ ಅದಲುಬದಲಾಗಿ, ಎಂಜಿನ್ನು ಬೀಗರ ನಡುಮನೆಯಲ್ಲಿ ಕೂತಿತ್ತು.

ವಾರ ಕಳೆದು ವ್ಯಾಪಾರಿಯೇ ಬಂದರು. "ಏನ್ ಮೇಸ್ತ್ರಿ, ಬಿಚ್ಚಿದ್ರಾ?"

"ಬಿಚ್ಚಾಯ್ತು ಯಜಮಾನ್ರೇ. ಅರ್ಧ ಚಟ್ನಿಪುಡಿ ಆಗೈತೆ, ಇನ್ನರ್ಧ ಅಟ್ಟದ ಮೇಲೈತೆ."

ಸುಮ್ಕಿರಿ

ಮೇಸ್ತ್ರಿ ರೋಗ ಕಂಡುಹಿಡಿಯುತ್ತಿದ್ದದ್ದು ಮರದ ಹಿಡಿಯ ಒಂದು ಉದ್ದ ಸ್ಕ್ರೂಡ್ರೈವರಿನಿಂದ. ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ಬಾಯಿ ಬಿಟ್ಟರೆ, "ಸುಮ್ಕಿರಿ, ಗಾಡಿ ಮಾತಾಡ್ಲಿ" ಅಂತ ಗದರುವರು.

ವರ್ಷಗಟ್ಟಲೆ ಆ ಸದ್ದು ಕೇಳಿ ಕೇಳಿ ಕಿವಿ ಮಂದವಾಯಿತು. ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ. ಒಂದು ದಿನ ಮೇಸ್ತ್ರಿ ನನ್ನ ಕೈ ಹಿಡಿದುಕೊಂಡು, "ಮೇಸ್ತ್ರಿಗೆ ಕಿವಿ ಹೋಗೈತೆ ಅಂತ ಸುದ್ದಿಯಾದ್ರೆ ಮುಗೀತು ಕಣೋ. ನನ್ ಕೈಗೆ ಯಾರೂ ಎಂಜಿನ್ ಕೊಡಲ್ಲ" ಅಂದರು.

ಆಮೇಲೆ ಗದರುವುದು ಜಾಸ್ತಿಯಾಯಿತು. ಗಿರಾಕಿ ಮಾತಾಡದಿದ್ದರೆ ಮೇಸ್ತ್ರಿ ಉತ್ತರ ಕೊಡಬೇಕಾಗಿಲ್ಲವಲ್ಲ! ಹೆಬ್ಬೂರಿನ ರೈತರೊಬ್ಬರು ಆ ಗದರಿಕೆಗೆ ಹೆದರಿ ಗಾಡಿಯ ಪಕ್ಕ ಕಂಬದ ಹಾಗೆ ನಿಂತರು. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಮೂಗರಳಿಸಿ, "ಎಣ್ಣೆ ಸುಡ್ತಾ ಐತೆ" ಅಂದರು.

ರೈತರು ಆಗ ಬಾಯಿಬಿಟ್ಟು ಅರಚಿದರು: "ಎಣ್ಣೆಯಲ್ಲ ಸ್ವಾಮಿ, ಸೈಲೆನ್ಸರ್‌ಗೆ ತಾಗಿ ನನ್ ಪಂಚೆ ಸುಡ್ತೈತೆ! ನೀವು ಸುಮ್ಕಿರಿ ಅಂದ್ರಲ್ಲ ಅಂತ ಸುಮ್ಕಿದ್ದೆ!"

ಕುಣಿಗಲ್ಲಿನ ಗಿರಾಕಿ

ಕಿವಿ ಇನ್ನೂ ಮಂದವಾಯಿತು. ಒಂದು ಸಂಜೆ ಎಷ್ಟು ಒತ್ತಿ ಹಿಡಿದರೂ ಏನೂ ಕೇಳದೆ, ಮೇಸ್ತ್ರಿ ಸಿಟ್ಟಿಗೆ ಸ್ಕ್ರೂಡ್ರೈವರಿನ ಹಿಡಿಯನ್ನೇ ಕಚ್ಚಿದರು. ತುದಿ ಎಂಜಿನ್ನಿನ ಮೇಲೇ ಇತ್ತು. ಅವರ ಕಣ್ಣು ಅರಳಿತು. "ಕೇಳ್ತೈತೆ ಕಣೋ! ಹಲ್ಲಿಗೆ ಕೇಳ್ತೈತೆ!"

ಅವತ್ತಿನಿಂದ ಕಿವಿಯ ಕೆಲಸವನ್ನು ಹಲ್ಲು ವಹಿಸಿಕೊಂಡಿತು. ಊರಿನವರು ಇದೂ ಒಂದು ವಿದ್ಯೆ ಅಂದುಕೊಂಡು ಕೈ ಮುಗಿದರು. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಗಿರಾಕಿಯೊಬ್ಬ ಮಾತ್ರ ಬಗ್ಗಿ ಬಗ್ಗಿ ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ನಾವೂ ಹಲ್ಲು ನೋಡೇ ವಯಸ್ಸು ಹೇಳೋದು ಸ್ವಾಮಿ. ಆದ್ರೆ ಕುದುರೆ ಹಲ್ಲು ನೋಡ್ತೀವಿ, ನಮ್ ಹಲ್ಲಲ್ಲ."

ಸ್ಟಾರ್ಟ್ ಮಾಡಪ್ಪ

ಎಂಬತ್ತರ ದಶಕದಲ್ಲಿ ಜಪಾನಿನವರ ಕೈವಾಡದ ಹೊಸ ಗಾಡಿಗಳು ಬಂದವು. ಬಿಚ್ಚುವುದಿಲ್ಲ, ಕೊರೆಯುವುದಿಲ್ಲ, ಕೆಟ್ಟರೆ ಇಡೀ ಭಾಗವನ್ನೇ ಎಸೆದು ಹೊಸದು ಹಾಕುವುದು. ನನ್ನ ಲೇತಿನ ಮೇಲೆ ಧೂಳು ಕೂತಿತು.

ಒಬ್ಬ ಬ್ಯಾಂಕ್ ಗುಮಾಸ್ತ ಅಂಥದ್ದೊಂದು ಗಾಡಿ ತಂದು, "ಒಳಗೆ ಏನೋ ಸದ್ದು ಮೇಸ್ತ್ರಿ" ಅಂದ. ಮೇಸ್ತ್ರಿ ಕಚ್ಚಿ ಹಿಡಿದರು. ಜಾಗ ಬದಲಿಸಿ ಮತ್ತೆ ಕಚ್ಚಿದರು. ಕೊನೆಗೆ ತಲೆಯೆತ್ತಿ, "ಸ್ಟಾರ್ಟ್ ಮಾಡಪ್ಪ" ಅಂದರು.

"ಆಗ್ಲಿಂದ ಓಡ್ತಾನೇ ಇದೆಯಲ್ಲ ಮೇಸ್ತ್ರಿ!" ಅಂತ ಅವನು ಕೈಯಾಡಿಸಿ ತೋರಿಸಿದ.

ನಿಂತವರೆಲ್ಲ ನಕ್ಕರು. ಮೇಸ್ತ್ರಿಯೂ ನಕ್ಕರು. ಆಮೇಲೆ ಸ್ಕ್ರೂಡ್ರೈವರನ್ನು ಒರೆಸಿ ಜೇಬಿಗಿಟ್ಟುಕೊಂಡು, ಮಧ್ಯಾಹ್ನಕ್ಕೆ ಮುಂಚೆಯೇ ಬಾಗಿಲು ಹಾಕಿದರು. ಆ ಬಾಗಿಲು ಮತ್ತೆ ತೆಗೆಯಲಿಲ್ಲ.

ಕೊನೆಯ ರೀಬೋರ್

ಕೆಲವು ವಾರ ಕಾದು, ತಡೆಯಲಾರದೆ ಹೆಬ್ಬೂರಿನ ರೈತರ ಹಳೇ ಗಾಡಿ ಇಸಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. "ಹಲ್ಲಿಗೂ ಕೇಳಲ್ಲ ಕಣೋ ಈಗ. ಎಲ್ಲಾ ಹೋಯ್ತು" ಅಂದರು. ನಾನು ಗಾಡಿಗೆ ಕಿಕ್ ಹೊಡೆದು, ಮೂಲೆಯಲ್ಲಿ ಬಿದ್ದಿದ್ದ ಸ್ಕ್ರೂಡ್ರೈವರ್ ಅವರ ಕೈಗಿಟ್ಟೆ.

ಒಲ್ಲದ ಮನಸ್ಸಿನಿಂದ ಇಳಿದು ಬಂದು, ತುದಿಯನ್ನು ಎಂಜಿನ್ನಿಗೆ ಒತ್ತಿ ಕಚ್ಚಿದರು. ಕಣ್ಣಲ್ಲಿ ನೀರು ಬಂತು. "ಟ್ಯಾಪೆಟ್ ಲೂಸೈತೆ, ಕಟಕಟ ಅಂತೈತೆ" ಅಂದರು. ಆಮೇಲೆ ಮೆಲ್ಲಗೆ, "ನನ್ ಹಲ್ಲು ಚೆನ್ನಾಗೇ ಐತೆ ಕಣೋ. ಆ ಹೊಸ ಗಾಡಿಗೇ ನನ್ನತ್ರ ಹೇಳ್ಕೊಳೋಕೆ ಏನೂ ಇಲ್ಲ" ಅಂದರು.

ಪಕ್ಕದಲ್ಲಿ ಅಕ್ಕ ಒರಳುಕಲ್ಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರು. "ಗಾಡಿ ನಿಲ್ಸು ಮಾರಾಯ, ಹಿಟ್ಟಿಗೆಲ್ಲ ಹೊಗೆ" ಅಂತ ಶುರುಮಾಡಿದರು. ಗಾಡಿ ನಿಲ್ಲಿಸಿದೆ. ಅವರ ಬೈಗುಳ ನಿಲ್ಲಲಿಲ್ಲ. ಮೇಸ್ತ್ರಿ ಸ್ಕ್ರೂಡ್ರೈವರನ್ನು ಮತ್ತೆ ಕಚ್ಚಿಕೊಂಡು ಹೋಗಿ, ಬಗ್ಗಿ, ತುದಿಯನ್ನು ಒರಳಿಗೆ ಒತ್ತಿ ಕೈಯಾಡಿಸಿದರು, ರುಬ್ಬು ಅಂತ. ಅಕ್ಕ ಬೈಯುತ್ತಲೇ ರುಬ್ಬಿದರು. ಮೇಸ್ತ್ರಿ ಹಿಡಿಯನ್ನು ಬಾಯಿಂದ ತೆಗೆದರು.

"ಸುಮ್ಕಿರೇ, ಕಲ್ಲು ಮಾತಾಡ್ಲಿ. ಒಳಗೆ ಸವೆದೋಗೈತೆ, ಗುಂಡು ಅಲ್ಲಾಡ್ತೈತೆ." ನನ್ನ ಕಡೆ ತಿರುಗಿದರು. "ಎತ್ಕೊಂಡೋಗೋ. ರೀಬೋರ್ ಮಾಡ್ಕೊಂಡ್ ಬಾ."

ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಮೇಸ್ತ್ರಿ ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕರು. ಒರಳುಕಲ್ಲು ಲೇತಿಗೆ ಕೂರುವುದಿಲ್ಲ, ಆದರೂ ಆಯ್ತು ಅಂತ ತಲೆಯಾಡಿಸಿದೆ. ಮೇಸ್ತ್ರಿ ನನಗೆ ಕೊಟ್ಟ ಕೊನೆಯ ಕೆಲಸ ಅದೇ.